ಐಸಾಕ್ ಸ್ಟೀಫನ್ಸನ್: ನಾಟಾ ವ್ಯಾಪಾರಿ ಸೆನೆಟರ್ ಆದ ಬಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಐಸಾಕ್ ಸ್ಟೀಫನ್ಸನ್ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬಂದದ್ದಲ್ಲ. ಆದರೆ ಕಾಡು, ಹಣ ಮತ್ತು ಚುನಾವಣೆ ಈ ಮೂರೂ ಒಬ್ಬನೇ ಮನುಷ್ಯನ ಬದುಕಿನಲ್ಲಿ ಇಷ್ಟು ಬಿಗಿಯಾಗಿ ಹೆಣೆದುಕೊಂಡದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಅವರ ಬಗ್ಗೆ ಮಾತು ತೆಗೆದಾಗಲೆಲ್ಲ ಸ್ನೇಹಿತರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಒಂದೆಡೆ ಸೇರಿಸಿದ್ದೇನೆ.

ಯಾರು ಈ ಸ್ಟೀಫನ್ಸನ್? ನಾಲ್ಕು ಮಾತಿನಲ್ಲಿ ಹೇಳಿ.

1829ರ ಜೂನ್ 18ರಂದು ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹುಟ್ಟಿ, 1918ರ ಮಾರ್ಚ್ 15ರಂದು ವಿಸ್ಕಾನ್ಸಿನ್‌ನ ಮರಿನೆಟ್ ಪಟ್ಟಣದಲ್ಲಿ ತೀರಿಕೊಂಡ ನಾಟಾ ವ್ಯಾಪಾರಿ. ಎತ್ತು ಹೊಡೆಯುವ, ಮರ ಕಡಿಯುವ ಕೆಲಸದಿಂದ ಶುರುಮಾಡಿ ಸಾಮಿಲ್ಲು, ಕಾಡು, ಹಡಗು, ಬ್ಯಾಂಕು, ರೈಲು ಎಲ್ಲದರಲ್ಲೂ ಪಾಲು ಪಡೆದರು. ಅಮೆರಿಕದ ಕಾಂಗ್ರೆಸ್ಸಿನ ಕೆಳಮನೆಯಲ್ಲಿ 6 ವರ್ಷ, ಸೆನೆಟ್‌ನಲ್ಲಿ ಸುಮಾರು 8 ವರ್ಷ ಕೂತರು. ಜನ ಅವರನ್ನು 'ಅಂಕಲ್ ಐಕ್' ಎಂದು ಕರೆಯುತ್ತಿದ್ದರು. ನಮ್ಮ ಕಡೆ 'ಐಕ್ ಮಾಮ' ಅಂದ ಹಾಗೆ.

ಕಾಡಿನ ಕೆಲಸ ಕಲಿತದ್ದು ಎಲ್ಲಿ?

ಹುಟ್ಟಿದೂರಲ್ಲೇ. ಫ್ರೆಡರಿಕ್ಟನ್ ಸುತ್ತಮುತ್ತಲ ಪ್ರದೇಶ ಆಗ ಬದುಕುತ್ತಿದ್ದುದೇ ನಾಟಾ ಮೇಲೆ. ಹುಡುಗ ಐಸಾಕ್ ಚಿಕ್ಕ ವಯಸ್ಸಿಗೇ ಜೆಫರ್ಸನ್ ಸಿಂಕ್ಲೇರ್ ಎಂಬ ನಾಟಾ ವ್ಯಾಪಾರಿಯ ಕೈಕೆಳಗೆ ಸೇರಿದ. ಅವರ ಹಿಂದೆಯೇ ಮೇನ್ ರಾಜ್ಯಕ್ಕೆ ಹೋದ, ಅಲ್ಲಿಂದ 1845ರಲ್ಲಿ ವಿಸ್ಕಾನ್ಸಿನ್‌ಗೆ ಬಂದ. ಆಗ ಅವನಿಗೆ 16 ವರ್ಷ. ವಿಸ್ಕಾನ್ಸಿನ್ ಇನ್ನೂ ರಾಜ್ಯವೂ ಆಗಿರಲಿಲ್ಲ, ಅದಾದದ್ದು 1848ರಲ್ಲಿ. ಮೊದಲು ಹೊಸ ನೆಲ ಉಳುವ ಬೇಸಾಯದ ಕೆಲಸ ಸಿಕ್ಕಿತು. ಆಮೇಲೆ ಉತ್ತರಕ್ಕೆ, ಮಿಷಿಗನ್ನಿನ ಎಸ್ಕನಾಬಾ ಕಡೆಯ ಕಾಡಿಗೆ ಹೊರಟ.

ಅವರ ಮುಂದಿನ ಸಂಪತ್ತಿನ ಗುಟ್ಟು ಈ ವರ್ಷಗಳಲ್ಲೇ ಇದೆ. ಕೊಡಲಿ ಹಿಡಿದ ಕೂಲಿಯಾಗಿ ಕಾಡು ಹೊಕ್ಕವನು ಬರೀ ಮರ ನೋಡಿ ಸುಮ್ಮನಾಗಲಿಲ್ಲ, ನೆಲವನ್ನೂ ಓದಲು ಕಲಿತ. ಎಲ್ಲಿ ಒಳ್ಳೆಯ ಪೈನ್ ನಿಂತಿದೆ, ಅದು ಯಾವ ಹೊಳೆಗೆ ಎಷ್ಟು ದೂರ, ಕಡಿದರೆ ಎಷ್ಟು ಹಲಗೆ ಬಂದೀತು ಎಂದು ಬರಿಗಣ್ಣಿನಲ್ಲಿ ಅಂದಾಜು ಮಾಡುವ ವಿದ್ಯೆ ಅದು. ಸರ್ಕಾರಿ ಜಮೀನು ಎಕರೆಗೆ 1.25 ಡಾಲರ್‌ಗೆ ಸಿಗುತ್ತಿದ್ದ ಕಾಲದಲ್ಲಿ ಈ ಅಂದಾಜು ಗೊತ್ತಿದ್ದವನಿಗೂ ಗೊತ್ತಿಲ್ಲದವನಿಗೂ ಅಜಗಜಾಂತರ.

ಆ ಕಾಡು ಅದಕ್ಕೆ ಮೊದಲು ಯಾರದಾಗಿತ್ತು?

ಇದನ್ನು ಕೇಳುವವರು ಕಡಿಮೆ. ಆದರೂ ಈ ಪ್ರಶ್ನೆ ಇಲ್ಲದೆ ಉಳಿದ ಕಥೆ ಅರ್ಧವೇ.

ಅದು ಮೆನೊಮಿನಿ ಜನರ ನೆಲ. ಹೊಳೆಯ ಅಂಚಿನಲ್ಲಿ ತಾನಾಗಿ ಬೆಳೆಯುವ ಕಾಡು ಅಕ್ಕಿಯಿಂದಲೇ ಅವರಿಗೆ ಆ ಹೆಸರು ಬಂದದ್ದು. 1836ರಲ್ಲಿ, 'ದೇವದಾರುಗಳ ಒಪ್ಪಂದ' ಎಂದು ಹೆಸರಾದ ಒಡಂಬಡಿಕೆಯಲ್ಲಿ, ಅವರು ಸುಮಾರು 40 ಲಕ್ಷ ಎಕರೆಯನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. ಕೊನೆಗೆ 1854ರ ಒಪ್ಪಂದದಲ್ಲಿ ವುಲ್ಫ್ ನದಿಯ ದಡದಲ್ಲಿ ಒಂದು ತುಂಡು ಕಾಡು ಮಾತ್ರ ಅವರ ಪಾಲಿಗೆ ಉಳಿಯಿತು. ಸ್ಟೀಫನ್ಸನ್ ಮನೆ ಮಾಡಿದ ಮರಿನೆಟ್ ಪಟ್ಟಣಕ್ಕೆ ಹೆಸರು ಬಂದದ್ದೂ ಮೆನೊಮಿನಿ ರಕ್ತಸಂಬಂಧದ ಒಬ್ಬ ಹೆಂಗಸಿನಿಂದ. ಹೊಳೆಬಾಯಿಯಲ್ಲಿ ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ಆಕೆಯನ್ನು ಜನ 'ರಾಣಿ ಮರಿನೆಟ್' ಎನ್ನುತ್ತಿದ್ದರು. ಆ ತುಂಡು ಕಾಡಿನ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ.

ಮರಿನೆಟ್‌ಗೆ ಬಂದದ್ದು ಯಾವಾಗ?

1858ರಲ್ಲಿ. ಎನ್. ಲುಡಿಂಗ್ಟನ್ ಕಂಪನಿಯಲ್ಲಿ ಪಾಲು ಕೊಂಡು ಅಲ್ಲೇ ನೆಲೆಯೂರಿದರು. ಆ ಕಂಪನಿಯ ಮನೆತನದ ಹ್ಯಾರಿಸನ್ ಲುಡಿಂಗ್ಟನ್ ಮುಂದೆ ಮಿಲ್ವಾಕಿಯ ಮೇಯರ್ ಆದರು, 1876ರಿಂದ 1878ರವರೆಗೆ ವಿಸ್ಕಾನ್ಸಿನ್‌ನ ಗವರ್ನರ್ ಕೂಡ ಆದರು. ನಾಟಾದಿಂದ ರಾಜಕೀಯಕ್ಕೆ ಹೋದವರು ಸ್ಟೀಫನ್ಸನ್ ಒಬ್ಬರೇ ಅಲ್ಲ, ಆ ರಾಜ್ಯದಲ್ಲಿ ಅದೊಂದು ಸವೆದ ದಾರಿ.

ಕಾಡಿನಲ್ಲಿ ಬಿದ್ದ ಮರ ಶಿಕಾಗೊ ಪೇಟೆ ಮುಟ್ಟುತ್ತಿದ್ದುದು ಹೇಗೆ?

ಚಳಿಗಾಲದಲ್ಲೇ ಕಡಿತ. ಹಿಮ ಬಿದ್ದ ಮೇಲೆ ದಾರಿಗೆ ನೀರು ಸುರಿದು ಗಾಜಿನಂತೆ ಹೆಪ್ಪುಗಟ್ಟಿಸುತ್ತಿದ್ದರು. ಅದರ ಮೇಲೆ ಜಾರುಬಂಡಿ ಹೂಡಿದರೆ ನೆಲದಲ್ಲಿ ಎಳೆಯಲಾಗದ ಹೊರೆಯನ್ನೂ ಕುದುರೆಗಳು ಎಳೆಯುತ್ತಿದ್ದವು. ದಿಮ್ಮಿಗಳನ್ನು ಹೊಳೆಯ ದಂಡೆಯಲ್ಲಿ ಗುಡ್ಡ ಹಾಕಿ, ಪ್ರತಿ ದಿಮ್ಮಿಯ ತುದಿಗೂ ಮಾಲೀಕನ ಗುರುತನ್ನು ಸುತ್ತಿಗೆಯಿಂದ ಒತ್ತುತ್ತಿದ್ದರು. ನಮ್ಮ ಡಿಪೋಗಳಲ್ಲಿ ಅರಣ್ಯ ಇಲಾಖೆಯವರು ದಿಮ್ಮಿಗೆ ಮುದ್ರೆ ಹೊಡೆಯುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ.

ವಸಂತದಲ್ಲಿ ಮಂಜು ಕರಗಿ ಹೊಳೆ ಉಬ್ಬಿದಾಗ ಇಡೀ ಚಳಿಗಾಲದ ದುಡಿಮೆಯನ್ನು ನೀರಿಗೆ ತಳ್ಳುತ್ತಿದ್ದರು. ಬಿಳಿ ಪೈನ್ ಹಗುರ ಮರ, ಚೆನ್ನಾಗಿ ತೇಲುತ್ತದೆ. ಈ ಉದ್ಯಮ ನಿಂತದ್ದೇ ಆ ಒಂದು ಗುಣದ ಮೇಲೆ. ತೇಲುವ ದಿಮ್ಮಿಗಳ ಮೇಲೆ ಮೊಳೆ ಬಡಿದ ಬೂಟು ಹಾಕಿಕೊಂಡು ಓಡಾಡುತ್ತ, ಸಿಕ್ಕಿಹಾಕಿಕೊಂಡದ್ದನ್ನು ಗಳುವಿನಿಂದ ಬಿಡಿಸುತ್ತ ಸಾಗುವ ಆಳುಗಳು ಮಂಜುನೀರಲ್ಲೇ ವಾರಗಟ್ಟಲೆ ಕಳೆಯುತ್ತಿದ್ದರು. ದಿಮ್ಮಿಗಳ ನಡುವೆ ಸಿಕ್ಕಿ ಸತ್ತವರೂ ಇದ್ದರು.

ಮಿಲ್ಲಿನಲ್ಲಿ ಹಲಗೆಯಾದ ಮೇಲೆ ಮಿಷಿಗನ್ ಸರೋವರದ ದಾರಿ ಹಿಡಿದು ಶಿಕಾಗೊಗೆ. ಅಲ್ಲಿಂದಾಚೆ ಪಶ್ಚಿಮದ ಬಯಲು ಸೀಮೆಯಲ್ಲಿ ಮರವೇ ಇರಲಿಲ್ಲ. ಅಲ್ಲಿ ಹೊಸದಾಗಿ ಬಂದು ಕೂತ ರೈತರ ಮನೆ, ಕೊಟ್ಟಿಗೆ, ಬೇಲಿ ಎಲ್ಲವೂ ಈ ಉತ್ತರದ ಪೈನ್‌ನಿಂದಲೇ ಎದ್ದವು. ಸ್ಟೀಫನ್ಸನ್ ಪಾಲುದಾರರಾಗಿದ್ದ ಪೆಷ್ಟಿಗೊ ಕಂಪನಿ ಗಾಳಿಯನ್ನೇ ನಂಬಿ ಕೂರುವ ಹಾಯಿಹಡಗು ಬಿಟ್ಟು, ಸಾಲು ದೋಣಿಗಳನ್ನು ಉಗಿದೋಣಿಯಿಂದ ಎಳೆಸುವ ಪದ್ಧತಿ ತಂದಿತು. ಹಡಗು ಇಳಿಸುವವರೆಗೆ ಕಾಯುವ ಕಾಲ ಇದರಿಂದ ಉಳಿಯಿತು. ಗ್ರೀನ್ ಬೇ ಕೊಲ್ಲಿಯಿಂದ ಸರೋವರಕ್ಕೆ ಸುತ್ತುಬಳಸಿ ಹೋಗಬೇಕಿದ್ದ ದಾರಿಯನ್ನು ತುಂಡರಿಸಲು ಸ್ಟರ್ಜನ್ ಬೇ ಕಾಲುವೆ ತೋಡಿಸಿದವರ ಗುಂಪಿನಲ್ಲೂ ಅವರಿದ್ದರು. 1872ರಲ್ಲಿ ಶುರುವಾದ ಆ ಕೆಲಸಕ್ಕೆ ಸುಮಾರು ಒಂದು ದಶಕ ಹಿಡಿಯಿತು.

'ಬೂಮ್ ಕಂಪನಿ' ಎಂದರೇನು? ಅವರ ಪ್ರಭಾವಕ್ಕೆ ಅದೇ ಕಾರಣ ಎನ್ನುತ್ತಾರಲ್ಲ?

ಹತ್ತಾರು ಕಂಪನಿಗಳ ದಿಮ್ಮಿಗಳು ಒಂದೇ ಹೊಳೆಯಲ್ಲಿ ಬೆರೆತು ಬರುತ್ತವೆ. ಅವನ್ನು ತಡೆದು, ಗುರುತು ನೋಡಿ, ಯಾರದು ಯಾರಿಗೆ ಎಂದು ಬೇರ್ಪಡಿಸಬೇಕು. ಅದಕ್ಕಾಗಿ ದಿಮ್ಮಿಗಳನ್ನೇ ಸರಪಳಿಯಿಂದ ಜೋಡಿಸಿ ಹೊಳೆಗೆ ಅಡ್ಡಲಾಗಿ ಕಟ್ಟಿದ ತೇಲುವ ಬೇಲಿಗೆ 'ಬೂಮ್' ಎನ್ನುತ್ತಾರೆ. ಮೆನೊಮಿನಿ ನದಿಯಲ್ಲಿ ಈ ವ್ಯವಸ್ಥೆ ನೋಡಿಕೊಳ್ಳಲು ಮಿಲ್ಲು ಮಾಲೀಕರೆಲ್ಲ ಕೂಡಿ 1867ರ ಸುಮಾರಿಗೆ ಒಂದು ಕಂಪನಿ ಕಟ್ಟಿದರು. ಅದರ ಅಧ್ಯಕ್ಷರು ಸ್ಟೀಫನ್ಸನ್.

ಹೊಳೆಯ ಬಾಯಲ್ಲಿ ಕೂತು ಎಲ್ಲರ ಸರಕನ್ನೂ ಎಣಿಸುವವನ ಕೈಯಲ್ಲಿ ಎಷ್ಟು ಬಲ ಇರುತ್ತದೆ ಯೋಚಿಸಿ. ಅಣೆಕಟ್ಟು ಎಲ್ಲಿ ಬೇಕು, ನೀರು ಯಾವಾಗ ಬಿಡಬೇಕು, ದಿಮ್ಮಿ ಸಾವಿರಕ್ಕೆ ಇಷ್ಟು ಎಂಬ ಸುಂಕ ಎಷ್ಟು, ಇದೆಲ್ಲ ತೀರ್ಮಾನವಾಗುತ್ತಿದ್ದುದು ಅಲ್ಲಿ. ನನ್ನ ಮಟ್ಟಿಗೆ ಅವರ ರಾಜಕೀಯದ ನಿಜವಾದ ಪಾಠಶಾಲೆ ಶಾಸನಸಭೆಯಲ್ಲ, ಈ ಬೂಮ್ ಕಂಪನಿ. ಪೈಪೋಟಿಯಲ್ಲಿರುವ ಹತ್ತು ಜನರನ್ನು ಒಂದೇ ಮೇಜಿಗೆ ಕೂರಿಸಿ ಎಲ್ಲರಿಂದಲೂ ಹೂಂ ಅನ್ನಿಸುವ ಕಲೆ ಅವರಿಗೆ ಒಲಿದದ್ದು ಇಲ್ಲೇ.

ಎಷ್ಟು ಮರ ಸಾಗಿತು?

1889 ಆ ನದಿಯ ಅತಿ ಭರಾಟೆಯ ವರ್ಷ. ಆ ಒಂದೇ ವರ್ಷ ಬೂಮ್ ದಾಟಿದ ಮರ 60 ಕೋಟಿ ಬೋರ್ಡ್ ಅಡಿಗೂ ಹೆಚ್ಚು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪದ ಹಲಗೆಗೆ ಒಂದು ಬೋರ್ಡ್ ಅಡಿ. ನಮ್ಮ ಸಾಮಿಲ್ಲಿನ ಸಿಎಫ್‌ಟಿ ಲೆಕ್ಕ ಬೇಕಿದ್ದರೆ 12ರಿಂದ ಭಾಗಿಸಿ: 5 ಕೋಟಿ ಘನ ಅಡಿ. ಒಂದು ನದಿ, ಒಂದು ವರ್ಷ.

1871ರ ಪೆಷ್ಟಿಗೊ ಬೆಂಕಿಗೂ ಇವರಿಗೂ ಏನು ಸಂಬಂಧ?

ಪೆಷ್ಟಿಗೊ, ಮರಿನೆಟ್‌ನಿಂದ ಸ್ವಲ್ಪವೇ ದಕ್ಷಿಣಕ್ಕಿರುವ ಊರು. ಆ ಊರೆಂದರೆ ಪೆಷ್ಟಿಗೊ ಕಂಪನಿ, ಕಂಪನಿಯೆಂದರೆ ಊರು. ಕಟ್ಟಿದವರು ಶಿಕಾಗೊದ ಮೊದಲ ಮೇಯರ್ ವಿಲಿಯಂ ಆಗ್ಡನ್, ಸ್ಟೀಫನ್ಸನ್ ಅವರ ಪಾಲುದಾರರು. ಸಾಮಿಲ್ಲಿನ ಜತೆಗೆ ಬಕೆಟ್ಟು, ಟಬ್ಬು, ಪೊರಕೆ ಹಿಡಿ ಮಾಡುವ ದೊಡ್ಡ ಮರಸಾಮಾನಿನ ಕಾರ್ಖಾನೆಯೂ ಅಲ್ಲಿತ್ತು. ಮನೆಗಳು ಮರದವು, ಕಾಲುದಾರಿ ಹಲಗೆಯದು, ಬೀದಿಗೆ ಹಾಸಿದ್ದು ಮರದ ಹೊಟ್ಟು.

ಆ ವರ್ಷ ಬೇಸಿಗೆಯಿಂದಲೇ ಮಳೆ ಕೈಕೊಟ್ಟಿತ್ತು. ಜೌಗು ನೆಲವೂ ಒಣಗಿ ಬಿರಿದಿತ್ತು. ಹೊಸದಾಗಿ ಬಂದ ರೈತರು ಗದ್ದೆ ಮಾಡಿಕೊಳ್ಳಲು ಕಾಡಿಗೆ ಬೆಂಕಿ ಇಡುತ್ತಿದ್ದರು, ರೈಲುದಾರಿ ಹಾಕುವವರು ಕಡಿದ ಕೊಂಬೆ ರೆಂಬೆಗಳನ್ನು ಸುಡುತ್ತಿದ್ದರು, ನಾಟಾದವರು ಸೊಪ್ಪುಸದೆಯನ್ನು ಕೂಪಿನಲ್ಲೇ ಬಿಟ್ಟು ಬರುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಎಲ್ಲೆಲ್ಲೂ ಸಣ್ಣ ಸಣ್ಣ ಬೆಂಕಿ. ಹೊಗೆಗೆ ಜನ ಹೊಂದಿಕೊಂಡುಬಿಟ್ಟಿದ್ದರು.

ಅಕ್ಟೋಬರ್ 8ರ ಭಾನುವಾರ ರಾತ್ರಿ ಗಾಳಿ ಎದ್ದಿತು. ಬದುಕಿ ಉಳಿದವರು ಹೇಳುವುದು ಒಂದೇ ಮಾತು: ಮೊದಲು ದೂರದಲ್ಲಿ ರೈಲು ಬರುವಂಥ ಮೊರೆತ, ಆಮೇಲೆ ಆಕಾಶದಿಂದಲೇ ಬೆಂಕಿ. ಗಂಟೆಯೊಂದರಲ್ಲಿ ಊರು ಇಲ್ಲವಾಯಿತು. ಹೊಳೆಗೆ ಇಳಿದವರು ಉಳಿದರು, ಎಲ್ಲರೂ ಅಲ್ಲ. ತಲೆ ನೀರಿನಿಂದ ಹೊರಗಿಟ್ಟರೆ ಕೂದಲು ಹೊತ್ತಿಕೊಳ್ಳುತ್ತಿತ್ತು, ಒಳಗೇ ಇದ್ದರೆ ಚಳಿಗೆ ಮೈ ಸೆಟೆಯುತ್ತಿತ್ತು. ಊರಿನ ಪಾದ್ರಿ ಪೀಟರ್ ಪರ್ನಿನ್ ಚರ್ಚಿನ ಪವಿತ್ರ ಪೆಟ್ಟಿಗೆಯನ್ನು ಗಾಡಿಯಲ್ಲಿಟ್ಟು ಎಳೆದುಕೊಂಡು ಹೊಳೆಗೆ ಧಾವಿಸಿ, ರಾತ್ರಿ 10ರ ಸುಮಾರಿನಿಂದ ನಸುಕಿನವರೆಗೆ ನೀರಲ್ಲೇ ನಿಂತು, ಪಕ್ಕದವರ ತಲೆಗೆ ನೀರು ಎರಚುತ್ತ ಕಳೆದರು. ಊರಲ್ಲಿ ಉಳಿದ ಒಂದೇ ಒಂದು ಮನೆ ಆಗಷ್ಟೇ ಕಟ್ಟುತ್ತಿದ್ದುದು. ಅದರ ಹಸಿ ಮರಕ್ಕೆ ಬೆಂಕಿ ಹತ್ತಲಿಲ್ಲ.

ಸುಟ್ಟದ್ದು ಸುಮಾರು 12 ಲಕ್ಷ ಎಕರೆ. ಸತ್ತವರು 1,200ರಿಂದ 2,400 ಎಂಬ ಅಂದಾಜುಗಳಿವೆ. ಹೆಸರು ಹೇಳುವವರೂ ಉಳಿಯದಷ್ಟು ಸಂಸಾರಗಳು ಪೂರಾ ಅಳಿದುಹೋದದ್ದರಿಂದ ಲೆಕ್ಕ ಎಂದೂ ಮುಗಿಯಲಿಲ್ಲ. ಅಮೆರಿಕದ ಇತಿಹಾಸದಲ್ಲೇ ಅತಿ ಹೆಚ್ಚು ಜೀವ ತೆಗೆದ ಕಾಡ್ಗಿಚ್ಚು ಇದು.

ಇಷ್ಟು ದೊಡ್ಡ ದುರಂತ ನಮಗೆ ಗೊತ್ತೇ ಇಲ್ಲವಲ್ಲ, ಏಕೆ?

ಅದೇ ರಾತ್ರಿ ಶಿಕಾಗೊ ನಗರಕ್ಕೂ ಬೆಂಕಿ ಬಿತ್ತು. ಅಲ್ಲಿ ಸತ್ತವರು ಸುಮಾರು 300. ಆದರೆ ಶಿಕಾಗೊದಲ್ಲಿ ಪತ್ರಿಕೆಗಳಿದ್ದವು, ತಂತಿ ಕಚೇರಿಗಳಿದ್ದವು. ಪೆಷ್ಟಿಗೊದ ಕಡೆ ತಂತಿ ಸಾಲೇ ಸುಟ್ಟುಹೋಗಿತ್ತು. ಆಗ್ಡನ್ ಪಾಲಿಗೆ ಮಾತ್ರ ಎರಡೂ ಊರು ಒಂದೇ ರಾತ್ರಿ ಉರಿದವು.

ಆ ರಾತ್ರಿ ಸ್ಟೀಫನ್ಸನ್ ಎಲ್ಲಿದ್ದರು? ತಪ್ಪು ಅವರದೂ ಇತ್ತೇ?

ಮರಿನೆಟ್‌ನಲ್ಲಿ, ಊರಿನ ಅಂಚಿಗೆ ಬಂದ ಬೆಂಕಿಯನ್ನು ಹಿಮ್ಮೆಟ್ಟಿಸುವ ಗುಂಪಿನಲ್ಲಿ. ಮರಿನೆಟ್‌ನ ಹೆಚ್ಚಿನ ಭಾಗ ಉಳಿಯಿತು. ಮರುದಿನ ಪೆಷ್ಟಿಗೊದಿಂದ ಸುಟ್ಟ ಮೈಯಲ್ಲಿ ಬಂದವರಿಗೆ ನೆಲೆ ಮಾಡಿಕೊಟ್ಟು, ಹೊರಗಿನ ನೆರವಿಗೆ ಸುದ್ದಿ ಮುಟ್ಟಿಸುವ ಏರ್ಪಾಡು ಮಾಡಿದವರಲ್ಲಿ ಅವರು ಮುಖ್ಯರು. ಸುದ್ದಿ ರಾಜಧಾನಿ ಮ್ಯಾಡಿಸನ್‌ಗೆ ತಲುಪುವ ಹೊತ್ತಿಗೆ ಗವರ್ನರ್ ಲೂಷಿಯಸ್ ಫೇರ್‌ಚೈಲ್ಡ್ ಶಿಕಾಗೊ ಸಂತ್ರಸ್ತರ ನೆರವಿಗೆ ಹೋಗಿಯಾಗಿತ್ತು. ಅವರ ಹೆಂಡತಿ, ಆಗಿನ್ನೂ 24ರ ಫ್ರಾನ್ಸಿಸ್ ಫೇರ್‌ಚೈಲ್ಡ್, ಶಿಕಾಗೊಗೆಂದು ಸಾಮಾನು ತುಂಬಿ ನಿಂತಿದ್ದ ರೈಲು ಡಬ್ಬಿಯನ್ನು ತನ್ನ ಮಾತಿನ ಮೇಲೆಯೇ ಉತ್ತರಕ್ಕೆ ತಿರುಗಿಸಿ, ಕಂಬಳಿ ಸೇರಿಸಿ ಕಳಿಸಿದಳು. ಅಧಿಕಾರ ಕೈಯಲ್ಲಿಲ್ಲದ ಆ ಹೆಣ್ಣುಮಗಳ ನಿರ್ಧಾರವನ್ನು ಓದುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ತಪ್ಪಿನ ಮಾತು. ಬೆಂಕಿ ಹಚ್ಚಿದ್ದು ಯಾವ ಒಬ್ಬನ ಕೈಯೂ ಅಲ್ಲ. ಆದರೆ ಕಡಿದು ಬಿಟ್ಟ ಕಸ, ಹೊಟ್ಟಿನ ಬೀದಿ, ಮರದ ಊರು ಇವು ನಾಟಾ ಉದ್ಯಮದವೇ. ಸ್ಟೀಫನ್ಸನ್ ಆ ಉದ್ಯಮದ ಮುಂಚೂಣಿಯ ಮನುಷ್ಯ. ನೆರವಿಗೆ ನಿಂತದ್ದು ಎಷ್ಟು ನಿಜವೋ ಇದೂ ಅಷ್ಟೇ ನಿಜ.

ಮಿಲ್ಲಿನ ಕಾರ್ಮಿಕರ ಪಾಡು ಹೇಗಿತ್ತು?

ದಿನಕ್ಕೆ 11 ಗಂಟೆ ದುಡಿಮೆ. ಗರಗಸದ ಬಾಯಿಗೆ ಬೆರಳು, ಕೈ ಕೊಟ್ಟವರಿಗೆ ಪರಿಹಾರ ಕೊಡುವ ಕಾನೂನು ಇರಲಿಲ್ಲ. 1885ರಲ್ಲಿ ಮೆನೊಮಿನಿ ನದಿಯ ಎರಡೂ ದಡದ ಕಾರ್ಮಿಕರು ಸಂಘ ಕಟ್ಟಿ 10 ಗಂಟೆಯ ದಿನಕ್ಕಾಗಿ ಹೋರಾಡಿದರು. ವಿಸ್ಕಾನ್ಸಿನ್ ಕಾರ್ಮಿಕರಿಗೆ ಪರಿಹಾರದ ಕಾನೂನು ಸಿಕ್ಕಿದ್ದು 1911ರಲ್ಲಿ.

ರಾಜಕೀಯಕ್ಕೆ ಇಳಿದದ್ದು ಹೇಗೆ?

ಮೆಲ್ಲಗೆ, ಒಂದೊಂದೇ ಮೆಟ್ಟಿಲು. ರಿಪಬ್ಲಿಕನ್ ಪಕ್ಷದಿಂದ 1866 ಮತ್ತು 1868ರಲ್ಲಿ ವಿಸ್ಕಾನ್ಸಿನ್ ಶಾಸನಸಭೆಯ ಸದಸ್ಯ. 1883ರ ಮಾರ್ಚ್‌ನಿಂದ 1889ರ ಮಾರ್ಚ್‌ವರೆಗೆ ವಾಷಿಂಗ್ಟನ್ನಿನ ಕೆಳಮನೆಯಲ್ಲಿ ಮೂರು ಅವಧಿ. ಆಮೇಲೆ ತಾವಾಗಿಯೇ ಸ್ಪರ್ಧಿಸಲಿಲ್ಲ.

ಇಲ್ಲೊಂದು ಸಂಗತಿ ಹೇಳಲೇಬೇಕು. ಮೆನೊಮಿನಿ ನದಿ ವಿಸ್ಕಾನ್ಸಿನ್ ಮತ್ತು ಮಿಷಿಗನ್ ರಾಜ್ಯಗಳ ಗಡಿ. ಈಚೆ ದಡದ ಮರಿನೆಟ್‌ನಲ್ಲಿ ಅಣ್ಣ ಐಸಾಕ್, ಆಚೆ ದಡದ ಮೆನೊಮಿನಿ ಪಟ್ಟಣದಲ್ಲಿ ತಮ್ಮ ಸ್ಯಾಮ್ಯುಯೆಲ್. ತಮ್ಮನೂ ನಾಟಾ ವ್ಯಾಪಾರಿಯೇ. 1889ರ ಮಾರ್ಚ್‌ನಲ್ಲಿ ಅಣ್ಣ ಕಾಂಗ್ರೆಸ್ಸಿನಿಂದ ಹೊರಬಂದ, ಅದೇ ತಿಂಗಳು ತಮ್ಮ ಮಿಷಿಗನ್ ಪರವಾಗಿ ಒಳಹೋದ, 1897ರವರೆಗೆ ಅಲ್ಲಿದ್ದ. ಒಂದೇ ಹೊಳೆ, ಒಂದೇ ಮನೆತನ, ಎರಡು ರಾಜ್ಯ.

ಇಂಥ ಶ್ರೀಮಂತರಾದ ಸ್ಟೀಫನ್ಸನ್, ಸುಧಾರಣಾವಾದಿ ರಾಜಕಾರಣಿ ರಾಬರ್ಟ್ ಲಾ ಫಾಲೆಟ್‌ಗೆ ಹಣ ಕೊಟ್ಟದ್ದು ಏಕೆ?

ನನ್ನನ್ನು ಈ ಬದುಕಿನತ್ತ ಎಳೆದದ್ದೇ ಈ ಪ್ರಶ್ನೆ.

ಆಗ ವಿಸ್ಕಾನ್ಸಿನ್‌ನ ರಿಪಬ್ಲಿಕನ್ ಪಕ್ಷವನ್ನು ನಾಟಾ ಮತ್ತು ರೈಲು ಕಂಪನಿಗಳ ಹಣವೇ ನಡೆಸುತ್ತಿತ್ತು. ಅದರ ಹಿರಿಯ ಯಜಮಾನ ಆಷ್ಕಾಷ್ ಊರಿನ ಫಿಲೆಟಸ್ ಸಾಯರ್. ಅವರೂ ನಾಟಾ ವ್ಯಾಪಾರಿ, 1881ರಿಂದ 1893ರವರೆಗೆ ಸೆನೆಟರ್. 1891ರಲ್ಲಿ ಯುವ ವಕೀಲ ರಾಬರ್ಟ್ ಲಾ ಫಾಲೆಟ್, ಒಂದು ಮೊಕದ್ದಮೆಯಲ್ಲಿ ನ್ಯಾಯಾಧೀಶರಾಗಿದ್ದ ತನ್ನ ಭಾವನ ಮೇಲೆ ಪ್ರಭಾವ ಬೀರಲು ಸಾಯರ್ ಹಣ ಕೊಡಬಂದರು ಎಂದು ಬಹಿರಂಗವಾಗಿ ಆರೋಪಿಸಿದರು. ಸಾಯರ್ ಅದನ್ನು ನಿರಾಕರಿಸಿದರು. ಅಂದಿನಿಂದ ಲಾ ಫಾಲೆಟ್ ಪಕ್ಷದ ಯಜಮಾನಿಕೆಯ ವಿರುದ್ಧ ತಿರುಗಿ ನಿಂತರು. 1896, 1898ರಲ್ಲಿ ಗವರ್ನರ್ ಟಿಕೆಟ್‌ಗೆ ಯತ್ನಿಸಿ ಸೋತರು.

ಇತ್ತ ಸ್ಟೀಫನ್ಸನ್‌ಗೆ 1899ರಲ್ಲಿ ಸೆನೆಟರ್ ಆಗುವ ಆಸೆ. ಪಕ್ಷಕ್ಕೆ ವರ್ಷಗಟ್ಟಲೆ ದುಡ್ಡು ಸುರಿದವರು, ಈ ಬಾರಿ ತಮ್ಮ ಸರದಿ ಎಂದುಕೊಂಡಿದ್ದರು. ಸ್ಥಾನ ಹೋದದ್ದು ಜೋಸೆಫ್ ಕ್ವಾರ್ಲ್ಸ್‌ಗೆ. ಆ ಏಟು ಆಳಕ್ಕೆ ನಾಟಿತು. ಮರುವರ್ಷವೇ ಅವರು ಲಾ ಫಾಲೆಟ್ ಬೆನ್ನಿಗೆ ನಿಂತರು, 1900ರ ನವೆಂಬರ್‌ನಲ್ಲಿ ಲಾ ಫಾಲೆಟ್ ಗವರ್ನರ್ ಆದರು. ಪತ್ರಿಕೆಗಳು ಸುಧಾರಣೆಯ ವಿರುದ್ಧ ಇವೆ ಎಂದಾಗ 1901ರಲ್ಲಿ ಸ್ಟೀಫನ್ಸನ್ ಹಣದಿಂದ 'ಮಿಲ್ವಾಕಿ ಫ್ರೀ ಪ್ರೆಸ್' ಎಂಬ ದಿನಪತ್ರಿಕೆಯೇ ಹುಟ್ಟಿತು.

ಬರೀ ಸೇಡಿನಿಂದಲೇ ಮಾಡಿದರು ಎನ್ನುವವರಿದ್ದಾರೆ. ಸೇಡು ಇತ್ತು, ಒಪ್ಪುತ್ತೇನೆ. ಆದರೆ ಸೇಡಿಗೆ ಒಂದು ಚುನಾವಣೆ ಸಾಕು. ವರ್ಷಾನುವರ್ಷ ಪತ್ರಿಕೆಯ ನಷ್ಟ ಹೊರುವವನಲ್ಲಿ ಅದಕ್ಕಿಂತ ಹೆಚ್ಚಿನದೇನೋ ಇರಬೇಕು ಎಂದು ನನ್ನ ನಂಬಿಕೆ. ಕಾಡಿನಿಂದ ಬಂದ ಹಣದ ಒಂದು ಪಾಲು ರೈಲು ಕಂಪನಿಗಳಿಗೆ ಸರಿಯಾಗಿ ತೆರಿಗೆ ಹಾಕಲು, ಟಿಕೆಟ್ ಹಂಚಿಕೆಯನ್ನು ಯಜಮಾನರ ಕೈಯಿಂದ ಕಿತ್ತು ಜನರಿಗೆ ಕೊಡಲು ಬಳಕೆಯಾದದ್ದಂತೂ ಸತ್ಯ.

ಕೊನೆಗೂ ಸೆನೆಟರ್ ಆದದ್ದು ಯಾವಾಗ?

1907ರ ಮೇ 17ರಂದು. ಸೆನೆಟರ್ ಜಾನ್ ಸ್ಪೂನರ್ ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟರು, ಖಾಲಿಯಾದ ಸ್ಥಾನಕ್ಕೆ ವಾರಗಟ್ಟಲೆ ಹಗ್ಗಜಗ್ಗಾಟ ನಡೆದ ಮೇಲೆ ಶಾಸನಸಭೆ ಸ್ಟೀಫನ್ಸನ್ ಅವರನ್ನು ಆರಿಸಿತು. ಆಗ ಅವರಿಗೆ 77. ನಮ್ಮ ರಾಜ್ಯಸಭೆಗೆ ಇವತ್ತು ಶಾಸಕರು ಮತ ಹಾಕುವಂತೆ ಆಗ ಅಮೆರಿಕದಲ್ಲೂ ಸೆನೆಟರ್‌ಗಳನ್ನು ರಾಜ್ಯದ ಶಾಸಕರೇ ಆರಿಸುತ್ತಿದ್ದರು. ಜನರೇ ನೇರವಾಗಿ ಆರಿಸುವ ತಿದ್ದುಪಡಿ ಜಾರಿಗೆ ಬಂದದ್ದು 1913ರಲ್ಲಿ.

ಅವರನ್ನು ಆರಿಸಿದ್ದು ಸ್ಪೂನರ್ ಬಿಟ್ಟ ಅವಧಿಯನ್ನು ತುಂಬಲು. ವಯಸ್ಸಾದವರು, ಗೌರವಕ್ಕೆ ಇಷ್ಟು ಸಾಕು, ಆಮೇಲೆ ಕಿರಿಯರಿಗೆ ಬಿಡುತ್ತಾರೆ ಎಂಬುದು ಲಾ ಫಾಲೆಟ್ ಬಳಗದ ಎಣಿಕೆ. ಮುದುಕರು ಬಿಡಲಿಲ್ಲ.

1908ರ ಚುನಾವಣೆಯಲ್ಲಿ ಅಂಥದ್ದೇನಾಯಿತು?

ಲಾ ಫಾಲೆಟ್ ಹೋರಾಡಿ ತಂದ 'ಪ್ರೈಮರಿ' ಕಾನೂನನ್ನು ವಿಸ್ಕಾನ್ಸಿನ್ ಮತದಾರರು 1904ರಲ್ಲಿ ಒಪ್ಪಿದ್ದರು. ಪಕ್ಷದ ಟಿಕೆಟ್ ಯಾರಿಗೆ ಎಂಬುದನ್ನು ಹೈಕಮಾಂಡ್ ಅಲ್ಲ, ಮತದಾರರೇ ಮತ ಹಾಕಿ ತೀರ್ಮಾನಿಸುವ ವ್ಯವಸ್ಥೆ. ಅದನ್ನು ತರಲು ಸ್ಟೀಫನ್ಸನ್ ಹಣವೂ ದುಡಿದಿತ್ತು. 1908ರ ಸೆಪ್ಟೆಂಬರ್‌ನಲ್ಲಿ ಸೆನೆಟ್ ಸ್ಥಾನಕ್ಕೆ ಅದೇ ಕಾನೂನಿನಡಿ ರಿಪಬ್ಲಿಕನ್ ಟಿಕೆಟ್‌ಗೆ ನಾಲ್ವರ ಪೈಪೋಟಿ: ಸ್ಟೀಫನ್ಸನ್, ಸ್ಯಾಮ್ಯುಯೆಲ್ ಕುಕ್, ಫ್ರಾನ್ಸಿಸ್ ಮೆಕ್‌ಗವರ್ನ್, ವಿಲಿಯಂ ಹ್ಯಾಟನ್. ಸ್ಟೀಫನ್ಸನ್ ಮೊದಲು ಬಂದರು.

ಆಮೇಲೆ ಅವರೇ ಸಲ್ಲಿಸಿದ ಖರ್ಚಿನ ಲೆಕ್ಕ ನೋಡಿ ರಾಜ್ಯ ಬೆಚ್ಚಿತು. 107,793 ಡಾಲರ್. ಆಗ ಸೆನೆಟರ್‌ನ ವರ್ಷದ ಸಂಬಳ 7,500. ಆರು ವರ್ಷದ ಅವಧಿ ಪೂರ್ತಿ ಮುಗಿಸಿದರೂ ಕೈಗೆ ಬರುವುದು 45,000. ಅದರ ಎರಡು ಪಟ್ಟಿಗಿಂತ ಹೆಚ್ಚನ್ನು ಬರೀ ಟಿಕೆಟ್‌ಗಾಗಿ ಸುರಿದಿದ್ದರು. ಊರೂರಿಗೆ ಕೂಲಿ ಕೊಟ್ಟು ಇಟ್ಟ ಪ್ರಚಾರಕರು, ಪತ್ರಿಕೆ ಜಾಹೀರಾತು, ಹೆಂಡದಂಗಡಿಗಳಲ್ಲಿ ಕೊಡಿಸಿದ ಬಿಯರ್ ಮತ್ತು ಸಿಗಾರ್.

ಯಜಮಾನರ ಹಿಡಿತ ತಪ್ಪಿಸಲು ತಂದ ಕಾನೂನು ಮೊದಲಿಗಿಂತ ದುಬಾರಿಯಾಯಿತು. ಕೆಲವೇ ಮುಖಂಡರನ್ನು ಒಲಿಸಿಕೊಳ್ಳುವ ಜಾಗದಲ್ಲಿ ಈಗ ಇಡೀ ರಾಜ್ಯದ ಮತದಾರರನ್ನು ಮುಟ್ಟಬೇಕು, ಮುಟ್ಟಲು ದುಡ್ಡು ಬೇಕು. ಸುಧಾರಣೆಯ ಹಣದ ಚೀಲವೇ ಸುಧಾರಣೆಯ ಮೊದಲ ಬಿರುಕನ್ನು ತೋರಿಸಿತು. ಅವರ ಬದುಕಿನಲ್ಲಿ ನನಗೆ ಅತಿ ಮುಖ್ಯವೆನಿಸುವುದು ಈ ಘಟನೆಯೇ. ಇದರ ಬಗ್ಗೆ ಯೋಚಿಸುತ್ತ ಎಷ್ಟೋ ರಾತ್ರಿ ಕಳೆದಿದ್ದೇನೆ.

ಲಂಚ ಸಾಬೀತಾಯಿತೇ? ಸ್ಥಾನ ಹೋಯಿತೇ?

ಹೋಗಲಿಲ್ಲ. 1909ರ ಜನವರಿಯಲ್ಲಿ ರಾಜ್ಯ ಸೆನೆಟ್ ಸದಸ್ಯ ಜಾನ್ ಬ್ಲೇನ್ (ಮುಂದೆ ಗವರ್ನರ್ ಆದವರು) ಅಧಿಕೃತವಾಗಿ ಆರೋಪ ಹೊರಿಸಿದರು. ವಿಚಾರಣೆ ನಡೆಯುತ್ತಿದ್ದರೂ ಮಾರ್ಚ್‌ನಲ್ಲಿ ಶಾಸನಸಭೆ ಸ್ಟೀಫನ್ಸನ್ ಅವರನ್ನೇ ಆರಿಸಿತು. ವಿಷಯ ವಾಷಿಂಗ್ಟನ್ ತಲುಪಿತು. 1911ರಲ್ಲಿ ಸೆನೆಟ್ ಉಪಸಮಿತಿ ಮಿಲ್ವಾಕಿಗೆ ಬಂದು ಸಾಕ್ಷಿ ಕೇಳಿತು. 1912ರ ಮಾರ್ಚ್ 27ರಂದು ಪೂರ್ಣ ಸೆನೆಟ್ 40–34 ಮತಗಳಿಂದ ಅವರ ಸ್ಥಾನ ಉಳಿಸಿತು. ಖರ್ಚು ಅತಿಯಾಯಿತು ಎಂಬುದರಲ್ಲಿ ಭಿನ್ನಾಭಿಪ್ರಾಯ ಹೆಚ್ಚಿರಲಿಲ್ಲ. ಆದರೆ ಖರ್ಚಿಗೆ ಮಿತಿ ಹಾಕಿದ ಕಾನೂನೇ 1908ರಲ್ಲಿ ಇರಲಿಲ್ಲ. ಅದೇ ವರ್ಷದ ಜುಲೈನಲ್ಲಿ ಇಲಿನಾಯ್‌ನ ಸೆನೆಟರ್ ವಿಲಿಯಂ ಲಾರಿಮರ್ ಇಂಥದ್ದೇ ಆರೋಪದಲ್ಲಿ ಸ್ಥಾನ ಕಳೆದುಕೊಂಡರು. ಸ್ಟೀಫನ್ಸನ್ ಕೂದಲೆಳೆಯಲ್ಲಿ ಪಾರಾದದ್ದು ಇದರಿಂದ ತಿಳಿಯುತ್ತದೆ.

1911ರಲ್ಲಿ ಅಮೆರಿಕದ ಕಾಂಗ್ರೆಸ್ ಸೆನೆಟ್ ಅಭ್ಯರ್ಥಿಯ ಖರ್ಚಿಗೆ 10,000 ಡಾಲರ್ ಮಿತಿ ಹಾಕಿತು. ಅದೇ ವರ್ಷ ವಿಸ್ಕಾನ್ಸಿನ್ ಕೂಡ ತನ್ನದೇ ಚುನಾವಣಾ ಭ್ರಷ್ಟಾಚಾರ ತಡೆ ಕಾನೂನು ತಂದಿತು.

ಲಾ ಫಾಲೆಟ್ ಜತೆಗಿನ ಸಂಬಂಧ ಏನಾಯಿತು?

ಹಳಸಿತು. 1909ರಲ್ಲಿ ಆಮದು ಸುಂಕದ ಮಸೂದೆ ಬಂದಾಗ, ಅಷ್ಟರಲ್ಲಿ ತಾವೂ ಸೆನೆಟರ್ ಆಗಿದ್ದ ಲಾ ಫಾಲೆಟ್ ತಮ್ಮ ಪಕ್ಷದ ವಿರುದ್ಧವೇ ಮತ ಹಾಕಿದರು. ಹಾಗೆ ಬಂಡೆದ್ದ ರಿಪಬ್ಲಿಕನ್ನರಲ್ಲಿ ಸ್ಟೀಫನ್ಸನ್ ಇರಲಿಲ್ಲ. ಕೆನಡಾದ ಹಲಗೆಗೆ ಸುಂಕ ಇರಬೇಕೋ ಬೇಡವೋ ಎಂಬುದು ನಾಟಾದವರಿಗೆ ಹೊಟ್ಟೆಪಾಡಿನ ಪ್ರಶ್ನೆ. ಒಂದೇ ರಾಜ್ಯದ ಇಬ್ಬರು ಸೆನೆಟರ್‌ಗಳು ಕೊನೆಕೊನೆಗೆ ಎರಡು ದಡ ಸೇರಿದರು. 1915ರ ಮಾರ್ಚ್ 3ಕ್ಕೆ ಅವಧಿ ಮುಗಿಸಿ ಹೊರಬಂದಾಗ ಸ್ಟೀಫನ್ಸನ್‌ಗೆ 85.

ಅಷ್ಟು ಕಡಿದ ಮೇಲೆ ಆ ಕಾಡು ಏನಾಯಿತು?

ಮುಗಿಯಿತು. ಉತ್ತರ ವಿಸ್ಕಾನ್ಸಿನ್‌ನ ಪೈನ್ ಎಂದೂ ತೀರದು ಎಂದುಕೊಂಡಿದ್ದರು. ಎರಡು ತಲೆಮಾರಿನಲ್ಲಿ ತೀರಿತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿ, ಮಾಲೀಕರು ದಕ್ಷಿಣಕ್ಕೂ ಪಶ್ಚಿಮ ಕರಾವಳಿಗೂ ಹೊರಟರು. ಮೋಟುಗಳ ನಡುವೆ ಬೇಸಾಯ ಮಾಡಿಕೊಳ್ಳಿ ಎಂದು ಜಮೀನನ್ನು ಬಡ ವಲಸಿಗರಿಗೆ ಮಾರಿದರು. ಮರಳುನೆಲ, ಕಡಿಮೆ ದಿನಗಳ ಬೇಸಿಗೆ. ಎಷ್ಟೋ ಮನೆಗಳು ಸೋತು ಎದ್ದುಹೋದವು.

ಮೊದಲು ಹೇಳಿದ ಆ ತುಂಡು ಕಾಡಿಗೆ ಈಗ ಬರೋಣ. ಮೆನೊಮಿನಿ ಜನರ ಪಾಲಿನ ಕಾಡಿಗೂ ಕಣ್ಣು ಹಾಕಿದವರು ಬೇಕಾದಷ್ಟಿದ್ದರು. 1908ರಲ್ಲಿ ಲಾ ಫಾಲೆಟ್ ಹೆಸರಿನ ಕಾಯಿದೆಯೊಂದು ಬಂತು: ಮೆನೊಮಿನಿಗಳಿಗೆ ನಿಯೊಪಿಟ್‌ನಲ್ಲಿ ಅವರದೇ ಮಿಲ್ಲು, ವರ್ಷಕ್ಕೆ ಕಡಿತ 2 ಕೋಟಿ ಬೋರ್ಡ್ ಅಡಿ ಮೀರಬಾರದು. ಸ್ಟೀಫನ್ಸನ್ ಬೂಮ್ ಅತಿ ಭರಾಟೆಯ ವರ್ಷದಲ್ಲಿ ದಾಟಿಸಿದ್ದರ ಮೂವತ್ತನೇ ಒಂದು ಪಾಲು. ಹಣ್ಣಾದ, ರೋಗ ಹಿಡಿದ ಮರ ಮೊದಲು, ಬೆಳೆಯುವ ಮರ ಬಿಡು ಎಂಬುದು ಅವರ ಪದ್ಧತಿ. 1954ರಲ್ಲಿ ಕಾಂಗ್ರೆಸ್ ಅವರ ಬುಡಕಟ್ಟು ಮಾನ್ಯತೆಯನ್ನೇ ರದ್ದು ಮಾಡುವ ಕಾಯಿದೆ ತಂದಿತು, ಹೋರಾಡಿ 1973ರಲ್ಲಿ ಅದನ್ನು ಮರಳಿ ಪಡೆದರು. ಕಾಡು ಬಿಡಲಿಲ್ಲ. 1854ರಿಂದ ಅಲ್ಲಿ 200 ಕೋಟಿ ಬೋರ್ಡ್ ಅಡಿಗೂ ಹೆಚ್ಚು ಕಡಿದಿದ್ದಾರೆ, ಆದರೂ ಇಂದು ನಿಂತಿರುವ ಮರ ಆಗ ಇದ್ದುದಕ್ಕಿಂತ ಹೆಚ್ಚು. ಉಪಗ್ರಹ ಚಿತ್ರದಲ್ಲಿ ಹೊಲಗಳ ನಡುವೆ ಅಂಚು ಕತ್ತರಿಸಿದಂತೆ ಕಡುಹಸಿರಾಗಿ ಕಾಣುತ್ತದೆ. ಮ್ಯಾಪ್ ತೆರೆದು ಗ್ರೀನ್ ಬೇ ನಗರದ ವಾಯವ್ಯಕ್ಕೆ ನೋಡಿ, ಹುಡುಕಲೇ ಬೇಕಿಲ್ಲ.

ರೈಲು ಎಂಜಿನ್ನಿನ ಸ್ಟೀಫನ್ಸನ್‌ಗೂ ಇವರಿಗೂ ನಂಟಿದೆಯೇ?

ಇಲ್ಲ. ಅವರು ಇಂಗ್ಲೆಂಡಿನ ಜಾರ್ಜ್ ಸ್ಟೀಫನ್ಸನ್.

ಆ ಕಡೆ ನಮ್ಮ ಮಕ್ಕಳಿದ್ದಾರೆ, ಹೋದಾಗ ಏನು ನೋಡಬಹುದು?

ಶಿಕಾಗೊದಿಂದ ಕಾರಿನಲ್ಲಿ ನಾಲ್ಕೂವರೆ ಗಂಟೆಯ ದಾರಿ. ಮರಿನೆಟ್‌ನಲ್ಲಿ 1903ರಲ್ಲಿ ಅವರು ಊರಿಗೆ ಕೊಟ್ಟ ಗ್ರಂಥಾಲಯದ ಕಟ್ಟಡ ಈಗಲೂ ಬಳಕೆಯಲ್ಲಿದೆ. ಎರಡು ರಾಜ್ಯಗಳ ನಡುವಿನ ಸೇತುವೆಯ ಕೆಳಗಿನ ದ್ವೀಪಕ್ಕೆ ಅವರದೇ ಹೆಸರು. ಅಲ್ಲಿ ನಿಂತು ನೋಡಿದರೆ ಒಂದು ಕಾಲಕ್ಕೆ ನೀರೇ ಕಾಣದಂತೆ ದಿಮ್ಮಿ ತುಂಬಿರುತ್ತಿದ್ದ ಹೊಳೆ ಈಗ ಖಾಲಿಯಾಗಿ ಹರಿಯುತ್ತದೆ.

ಅಲ್ಲಿಂದ ಪೆಷ್ಟಿಗೊ ಹತ್ತು ನಿಮಿಷ. ಹಳೆಯ ಚರ್ಚಿನಲ್ಲಿ ಮಾಡಿದ ಅಗ್ನಿದುರಂತದ ಸಂಗ್ರಹಾಲಯ ಇದೆ. ಪಕ್ಕದಲ್ಲೇ ಸ್ಮಶಾನ, ಅದರಲ್ಲಿ ಗುರುತು ಹತ್ತದ ಸುಮಾರು 350 ಜನರನ್ನು ಒಟ್ಟಿಗೆ ಮಣ್ಣು ಮಾಡಿದ ಜಾಗ. ಪರ್ನಿನ್ ಪಾದ್ರಿ ಹೊಳೆಗೆ ಎಳೆದುಕೊಂಡು ಹೋದ ಮರದ ಪೆಟ್ಟಿಗೆ ಮೂರು ದಿನದ ಮೇಲೆ ಒಂದು ದಿಮ್ಮಿಯ ಮೇಲೆ ಸುಡದೆ ಸಿಕ್ಕಿತ್ತು. ಸಂಗ್ರಹಾಲಯದೊಳಗೆ ಅದನ್ನು ಇಟ್ಟಿದ್ದಾರೆ.